ಐದು ತಿಂಗಳಿಂದ ಬೀದಿಯಲ್ಲಿ ಕದಲದೆ ನಿಂತಿರುವ ಕಾರನ್ನು ತೆಗೆಸುವುದು ಹೇಗೆ?

ತುಮಕೂರಿನ ನಿಮ್ಮ ಬೀದಿಯಲ್ಲಿ ಐದು ತಿಂಗಳಿಂದ ಒಂದು ಕಾರು ನಿಂತಲ್ಲೇ ನಿಂತಿದೆ, ಯಾರದೆಂದು ಯಾರಿಗೂ ಗೊತ್ತಿಲ್ಲ, ನಾಲ್ಕು ಜನ ಸೇರಿ ತಳ್ಳಿ ಮೂಲೆಯ ಖಾಲಿ ನಿವೇಶನಕ್ಕೆ ಬಿಟ್ಟರೆ ತಪ್ಪಾಗುತ್ತದೆಯೇ ಎಂದು ಕೇಳಿದ್ದೀರಿ.

ದಯವಿಟ್ಟು ತಳ್ಳಬೇಡಿ. ಅದು ಕಳವಾದ ಗಾಡಿಯಾಗಿದ್ದರೆ, ಅಥವಾ ಬೇರೆ ಯಾವುದಾದರೂ ಪ್ರಕರಣದಲ್ಲಿ ಬೇಕಾಗಿರುವುದಾದರೆ, ಅದನ್ನು ಕೊನೆಯದಾಗಿ ಮುಟ್ಟಿದವರು ನೀವಾಗುತ್ತೀರಿ. ಸಾಮಾನ್ಯ ಗಾಡಿಯೇ ಆಗಿದ್ದರೂ ಗಾಳಿಯಿಲ್ಲದ ಚಕ್ರದ ಮೇಲೆ ಉರುಳಿಸಿ ಹಾಳು ಮಾಡಿದರೆಂದು ಮಾಲೀಕರು ನಾಳೆ ಜಗಳಕ್ಕೆ ಬಂದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಖಾಲಿ ನಿವೇಶನಕ್ಕೂ ಒಬ್ಬ ಯಜಮಾನ ಇರುತ್ತಾನೆ, ಅದನ್ನೂ ಮರೆಯಬೇಡಿ.

ನಾನಿರುವುದು ಬಟವಾಡಿಯ ಕಡೆ. ನಮ್ಮ ಬೀದಿಯಲ್ಲಿ ಇಂಥದ್ದೇ ಒಂದು ಬಿಳಿ ಓಮ್ನಿ ಎಂಟು ತಿಂಗಳು ನಿಂತಿತ್ತು. ಅದನ್ನು ತೆಗೆಸಲು ಓಡಾಡಿದವನು ನಾನು, ಆದ್ದರಿಂದ ನಡೆದದ್ದನ್ನೇ ಹೇಳುತ್ತೇನೆ.

ಓಮ್ನಿಯನ್ನು ನಾನು ಮೊದಲು ಗಮನಿಸಿದ್ದು ದೀಪಾವಳಿ ಕಳೆದ ಮೇಲೆ. ಮುಂದಿನ ಬಂಪರಿಗೆ ಆಯುಧ ಪೂಜೆಯಲ್ಲಿ ಕಟ್ಟಿದ್ದ ಚೆಂಡು ಹೂವಿನ ಹಾರ ಹಾಗೆಯೇ ಇತ್ತು, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಮೇಲೆ ನೀಲಿ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ತೆಂಗಿನ ನಾರಿನ ಹಗ್ಗ ಬಿಗಿದಿದ್ದರು. ಗಂಟುಗಳು ಒಂದೇ ರೀತಿ, ಒಂದೇ ಅಳತೆ. ಬೀದಿಯವರೆಲ್ಲ ಅದನ್ನು ‘ಬಿಟ್ಟು ಹೋದ ಗಾಡಿ’ ಎಂದೇ ಕರೆಯತೊಡಗಿದ್ದರು, ನಾನೂ ಹಾಗೆಯೇ ಕರೆದೆ. ತೊಳೆದು, ಪೂಜೆ ಮಾಡಿ, ಅಷ್ಟು ಅಚ್ಚುಕಟ್ಟಾಗಿ ಹೊದಿಸಿದ ಗಾಡಿಯನ್ನು ಯಾರೂ ಬೇಡವೆಂದು ಬಿಟ್ಟು ಹೋಗುವುದಿಲ್ಲ. ಈ ಮಾತು ನನಗೆ ಹೊಳೆಯುವ ಹೊತ್ತಿಗೆ ಬಹಳ ತಡವಾಗಿತ್ತು.

ಚೈತ್ರದಲ್ಲಿ ಹೊಂಗೆ ಹೂವು ಉದುರಿ ಟಾರ್ಪಾಲಿನ ಮೇಲೆ ಒಂದು ಪದರವಾಯಿತು. ಚಕ್ರಗಳು ನೆಲಕ್ಕೆ ಒತ್ತಿಕೊಂಡವು. ಗಾಡಿಯ ಕೆಳಗೆ ನಾಯಿ ಮರಿ ಹಾಕಿತು. ಎದುರು ಮನೆಯ ಅಜ್ಜಿ ರಂಗೋಲಿಯನ್ನು ಗಾಡಿಗೆ ಜಾಗ ಬಿಟ್ಟು ಒಂದು ಪಕ್ಕಕ್ಕೆ ಹಾಕುವುದನ್ನು ರೂಢಿ ಮಾಡಿಕೊಂಡರು. ಕಸದ ಗಾಡಿ ತಿರುಗಲಾಗದೆ ಬೀದಿಯ ತುದಿಯಲ್ಲೇ ನಿಲ್ಲುತ್ತಿತ್ತು. ನಂತರ ಭರಣಿ ಮಳೆ ಬಂತು. ಟಾರ್ಪಾಲು ನಡುವೆ ಜೋತು ಬಿದ್ದ ಕಡೆ ಒಂದು ಬಿಂದಿಗೆಯಷ್ಟು ನೀರು ನಿಂತಿತು. ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ನೀರಿನ ಮೇಲ್ಮೈಗೆ ಬಾಲ ಹಚ್ಚಿಕೊಂಡು ಸೊಳ್ಳೆಯ ಮರಿಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಬೇಕಿರುವುದು ಇಂಥ ನಿಂತ ತಿಳಿನೀರು. ಮೊಟ್ಟೆ ಸೊಳ್ಳೆಯಾಗಿ ಹಾರಲು ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ್ದು ನಿಮಗೂ ನೆನಪಿರಬಹುದು. ನಮ್ಮ ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳೇ ಹನ್ನೊಂದು ಜನ. ಆ ದಿನದಿಂದ ನಾನು ಸುಮ್ಮನಿರಲಿಲ್ಲ.

ಈಗ ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 127 ಇದಕ್ಕಾಗಿಯೇ ಇದೆ. ಸಾರ್ವಜನಿಕ ಸ್ಥಳದಲ್ಲಿ ಯಾವುದೇ ಮೋಟಾರು ವಾಹನವನ್ನು 10 ತಾಸು ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟು ಹೋಗಿದ್ದರೆ, ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅದನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಅನುಮತಿ ಕೊಡಬಹುದು. ಮುರಿದ, ಸುಟ್ಟ, ಅರ್ಧ ಬಿಚ್ಚಿದ ಗಾಡಿ ಸಂಚಾರಕ್ಕೆ ಅಪಾಯವಾಗಿದ್ದರೆ ಕೂಡಲೇ ತೆಗೆಸಬಹುದು. ಎಳೆದೊಯ್ದ ಖರ್ಚು ಮಾಲೀಕರದು. ಸಂಚಾರಕ್ಕೆ ಅಡ್ಡಿಯಾಗುವಂತೆ ನಿಲ್ಲಿಸಿದರೆ ಸೆಕ್ಷನ್ 201ರಡಿ 500 ರೂಪಾಯಿವರೆಗೆ ದಂಡವೂ ಇದೆ. ಆದರೆ ಒಂದು ಮಾತು: ಸೆಕ್ಷನ್ 127ರಲ್ಲಿರುವುದು ‘ಬಹುದು’ ಎಂಬ ಪದ. ಬಾಯಿಮಾತಿಗೆ ಯಾರೂ ಕ್ರೇನ್ ತರುವುದಿಲ್ಲ. ನಾನು ಎರಡು ಸಲ ಠಾಣೆಗೆ ಹೋಗಿ ಹೇಳಿ ಬಂದೆ, ಎರಡು ಸಲವೂ ‘ನೋಡುತ್ತೇವೆ’ ಎಂದರು. ಅವರ ಕಷ್ಟವನ್ನೂ ಹೇಳಬೇಕು. ಠಾಣೆಯ ಆವರಣದಲ್ಲಿ ಆಗಲೇ ತುಕ್ಕು ಹಿಡಿದ ಬೈಕುಗಳು ಒಂದರ ಮೇಲೊಂದು ಬಿದ್ದಿದ್ದವು. ವಶಪಡಿಸಿಕೊಂಡ ಗಾಡಿಯನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ವಾರಸುದಾರರು ತಿಳಿಯದಿದ್ದರೆ ಪ್ರಕಟಣೆ ಹೊರಡಬೇಕು, ಅವರು ಬರಲು ಆರು ತಿಂಗಳ ಕಾಲಾವಕಾಶ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಕ್ರಮ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಒಂದು ಗಾಡಿ ಒಳಗೆ ತಂದರೆ ಅಷ್ಟು ಕೆಲಸ.

ಆದ್ದರಿಂದ ಅರ್ಜಿ ಬರೆದುಕೊಡಿ. ನಾನು ಒಂದೇ ಪುಟ ಬರೆದೆ. ಗಾಡಿಯ ನೋಂದಣಿ ಸಂಖ್ಯೆ, ಬಣ್ಣ, ಮಾದರಿ, ಯಾವ ಅಡ್ಡರಸ್ತೆ, ಯಾವ ಮನೆಯ ಎದುರು, ಯಾವ ತಿಂಗಳಿನಿಂದ. ನಂತರ ಅದರಿಂದ ಆಗುತ್ತಿರುವ ತೊಂದರೆ: ಕಸದ ಗಾಡಿ ಮತ್ತು ಆಂಬುಲೆನ್ಸ್ ತಿರುಗಲು ಜಾಗವಿಲ್ಲ, ಮಳೆನೀರು ನಿಂತು ಸೊಳ್ಳೆಯಾಗಿದೆ. ‘ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 127ರ ಪ್ರಕಾರ ಪರಿಶೀಲಿಸಿ ಕ್ರಮ ಕೈಗೊಳ್ಳಬೇಕು, ಈ ವಾಹನ ಯಾವುದಾದರೂ ಪ್ರಕರಣದಲ್ಲಿ ಬೇಕಾಗಿದೆಯೇ ಎಂದೂ ನೋಡಬೇಕು’ ಎಂಬ ಕೊನೆಯ ವಾಕ್ಯ ಬಹಳ ಮುಖ್ಯ. ಬೀದಿಯ ಒಂಬತ್ತು ಮನೆಯವರು ಸಹಿ ಹಾಕಿದರು. ಬೇರೆ ಬೇರೆ ತಿಂಗಳಲ್ಲಿ ತೆಗೆದ ನಾಲ್ಕು ಫೋಟೊ ಲಗತ್ತಿಸಿದೆ. ಒಂದರಲ್ಲಿ ಹಸಿ ಹಾರ, ಮತ್ತೊಂದರಲ್ಲಿ ಒಣ ಹಾರ. (ಹಬ್ಬದ ದಿನ ಪಕ್ಕದ ಮನೆಯ ಹುಡುಗ ತನ್ನ ಬೈಕಿನ ಫೋಟೊ ತೆಗೆಯುವಾಗ ಹಿಂದೆ ಓಮ್ನಿಯೂ ಬಿದ್ದಿತ್ತು.) ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಮೊಹರು ಮತ್ತು ಸ್ವೀಕೃತಿ ಪಡೆಯಿರಿ. ಇನ್ನೊಂದು ಅರ್ಜಿಯನ್ನು ಮಹಾನಗರ ಪಾಲಿಕೆಯ ಆಯುಕ್ತರ ಹೆಸರಿಗೆ ಕೊಡಿ. ಗಾಡಿ ಎತ್ತುವ ವಿಷಯದಲ್ಲಿ ಅವರು ಪೊಲೀಸರತ್ತ ಕೈ ತೋರಿಸಬಹುದು, ಆದರೆ ಸೊಳ್ಳೆ ಮತ್ತು ಕಸದ ವಿಷಯ ಬಂದರೆ ವಾರ್ಡಿನ ಆರೋಗ್ಯ ನಿರೀಕ್ಷಕರು ಬರಲೇಬೇಕು.

ಗಾಡಿಗೆ ನಂಬರ್ ಪ್ಲೇಟೇ ಇಲ್ಲದಿದ್ದರೆ, ಬಾಗಿಲಿನ ಬೀಗ ಒಡೆದಿದ್ದರೆ, ಒಳಗೆ ರಕ್ತದ ಕಲೆ ಕಂಡರೆ ಇದೆಲ್ಲ ಬೇಡ. ನೇರವಾಗಿ 112ಕ್ಕೆ ಕರೆ ಮಾಡಿ.

ವಾಹನಗಳ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ಸಂಖ್ಯೆ ಹಾಕಿ ನೋಡುವುದೂ ಒಳ್ಳೆಯದು. ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ವಿಳಾಸ ಸಿಗುವುದಿಲ್ಲ. ಆದರೆ ಯಾವ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗಿದೆ, ವಿಮೆ ಎಂದು ಮುಗಿದಿದೆ ಎಂಬುದು ತಿಳಿಯುತ್ತದೆ. ನಮ್ಮ ಓಮ್ನಿ ಕೆಎ 06, ಅಂದರೆ ತುಮಕೂರಿನದೇ. ವಿಮೆ ಡಿಸೆಂಬರಿನಲ್ಲಿ ಮುಗಿದಿತ್ತು. ಪೂಜೆಯಾದ ಎರಡು ತಿಂಗಳಿಗೆ ವಿಮೆ ಕಟ್ಟುವವರು ಇಲ್ಲವಾಗಿದ್ದಾರೆ ಎಂದು ಅದನ್ನು ನೋಡಿದಾಗಲೇ ನನಗೆ ಅನಿಸಿತು.

ಅರ್ಜಿ ಕೊಟ್ಟ ಆರನೆಯ ದಿನ ಪೊಲೀಸರೊಬ್ಬರು ಬಂದು ನೋಡಿದರು. ನೋಂದಣಿಯ ವಿಳಾಸ ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯದು. ಅಲ್ಲಿಗೆ ಫೋನ್ ಹೋಯಿತು. ಮೂರು ದಿನದ ಮೇಲೆ ಒಬ್ಬ ಹೆಣ್ಣುಮಗಳು ತಮ್ಮನ ಜೊತೆ ಬಂದರು. ಅವರ ಗಂಡ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದು, ಬೆಳಗಿನ ಜಾವ ಮಾರುಕಟ್ಟೆಯಿಂದ ಅಂಗಡಿಗಳಿಗೆ ಹೂವು ಸಾಗಿಸುತ್ತಿದ್ದರಂತೆ. ಅವರಿದ್ದ ಬೀದಿಯಲ್ಲಿ ಚರಂಡಿ ಅಗೆದಿದ್ದರಿಂದ ಗಾಡಿಯನ್ನು ನಮ್ಮಲ್ಲಿ ನಿಲ್ಲಿಸಿದ್ದರು. ಹಬ್ಬವಾದ ವಾರಕ್ಕೆ ಎದೆನೋವು ಬಂದು ಬೆಂಗಳೂರಿಗೆ ಕರೆದೊಯ್ದರು, ಉಳಿಯಲಿಲ್ಲ. ಹೆಂಡತಿ ಮನೆ ಖಾಲಿ ಮಾಡಿ ತವರಿಗೆ ಹೋದರು. ಕಂತು ಬಾಕಿಯಿತ್ತು. ಸಾಲ ಕೊಟ್ಟವರು ಗಾಡಿಯನ್ನು ಒಯ್ದಿದ್ದಾರೆ ಎಂದೇ ಅವರು ತಿಳಿದಿದ್ದರು.

ಅವರು ಹೋದ ಮೇಲೆ ಹಾಲಿನ ಬೂತಿನವರು ಹೇಳಿದರು: ‘ಹೂವಿನವರ ಗಾಡಿ ಅಲ್ಲವೇ? ನನಗೆ ಮೊದಲೇ ಗೊತ್ತಿತ್ತಲ್ಲ.’ ನಮ್ಮಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ದಿನವೂ ಬೆಳಿಗ್ಗೆ ಅದೇ ಬೂತಿನಲ್ಲಿ ಹಾಲು ತರುತ್ತಿದ್ದ ನಾನೂ ಕೇಳಿರಲಿಲ್ಲ. ಇದು ಇಂದಿಗೂ ನನ್ನನ್ನು ಬಾಧಿಸುತ್ತದೆ. ಮಾಲೀಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಕೇಳಬೇಕು. ಆ ಅವಧಿ ಕಳೆದುಹೋಗಿತ್ತು. ಇಂಜಿನ್ನಿನ ವೈರುಗಳನ್ನು ಇಲಿ ಕಡಿದಿತ್ತು, ನಾಲ್ಕು ಟೈರೂ ಹೋಗಿದ್ದವು. ಕಾಗದಪತ್ರಗಳಿಗೆ ಓಡಾಡಿ, ಸಾಲ ತೀರಿಸಿ, ಕೊನೆಗೆ ಗಾಡಿ ಮಾರಿದಾಗ ಅವರ ಕೈಗೆ ಬಂದದ್ದು ಬಹಳ ಕಡಿಮೆ. ಮೊದಲ ತಿಂಗಳಲ್ಲೇ ತಿಳಿದಿದ್ದರೆ ಓಡುವ ಗಾಡಿಯ ಬೆಲೆ ಸಿಗುತ್ತಿತ್ತು.

ನಿಮ್ಮ ಬೀದಿಯಲ್ಲೂ ಅರ್ಜಿ ಬರೆಯುವ ಮೊದಲು ಎರಡು ದಿನ ವಿಚಾರಿಸಿ. ಹಾಲಿನವರು, ಪೇಪರ್ ಹಾಕುವ ಹುಡುಗ, ಇಸ್ತ್ರಿ ಅಂಗಡಿ, ಪೌರಕಾರ್ಮಿಕರು, ಬಾಡಿಗೆ ಮನೆಗಳ ಮಾಲೀಕರು, ಇವರನ್ನು ಕೇಳಿ. ಪಕ್ಕದ ಬೀದಿಗಳಲ್ಲೂ ಕೇಳಿ, ಏಕೆಂದರೆ ಗಾಡಿ ನಿಂತ ಬೀದಿಯಲ್ಲೇ ಮಾಲೀಕರು ಇರಬೇಕೆಂದೇನೂ ಇಲ್ಲ. ವೈಪರಿಗೆ ಒಂದು ಚೀಟಿ ಸಿಕ್ಕಿಸಿ: ‘ಈ ಗಾಡಿ ಯಾರದೆಂದು ತಿಳಿದವರು ಇಂಥ ಮನೆಗೆ ತಿಳಿಸಿ.’ ಬೈಗುಳ ಬೇಡ, ಎಚ್ಚರಿಕೆಯೂ ಬೇಡ. ಹಾಗೆಯೇ, ಮನೆಯ ಮುಂದಿನ ರಸ್ತೆ ಸಾರ್ವಜನಿಕರದು. ಊರಿಗೆ ಹೋದವರು ದಾರಿಗೆ ಅಡ್ಡವಾಗದಂತೆ ಹದಿನೈದು ದಿನ ನಿಲ್ಲಿಸಿದ್ದಕ್ಕೆ ದೂರು ಕೊಡುವುದು ನ್ಯಾಯವಲ್ಲ. ಐದು ತಿಂಗಳು ಬೇರೆ ಮಾತು.

ಉತ್ತರ ಬರುವವರೆಗೆ ಕಾಯಬಾರದ ಕೆಲಸ ಒಂದಿದೆ. ಇಂದು ಸಂಜೆಯೇ ಹೋಗಿ ಗಾಡಿಯ ಹೊದಿಕೆಯ ಮೇಲೆ, ಸುತ್ತ ಬಿದ್ದಿರುವ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟಗಳಲ್ಲಿ ನೀರು ನಿಂತಿದೆಯೇ ನೋಡಿ. ನಿಂತಿದ್ದರೆ ಹೊದಿಕೆಯನ್ನು ಹೊರಗಿನಿಂದಲೇ ಕೋಲಿನಲ್ಲಿ ಎತ್ತಿ ನೀರನ್ನು ಚೆಲ್ಲಿಬಿಡಿ, ಚಿಪ್ಪು ಲೋಟಗಳನ್ನು ಕಸದ ಗಾಡಿಗೆ ಹಾಕಿ.