ಅತ್ತೆಯವರನ್ನು ಆ ದಿನ ಎಲ್ಲಿಗೂ ಕಳಿಸಬೇಡಿ

ದಾವಣಗೆರೆಯ ಓದುಗರೊಬ್ಬರ ಉದ್ದನೆಯ ಪತ್ರ ಮುಂದಿದೆ. ಮುಕ್ಕಾಲು ಭಾಗ ಒಂದು ಹಳೇ ಇಂಗ್ಲಿಷ್ ಸಿನಿಮಾ, ಅದನ್ನು ನೋಡಿ ಗಂಡನಿಗೆ ಹತ್ತಿದ ಗಾಬರಿ. ಕೊನೆಯ ಪುಟದಲ್ಲಿ, ಹೇಳಿಯೂ ಹೇಳದ ಹಾಗೆ, ಒಂದು ಸಾಲು ಬಂದು ಹೋಗುತ್ತದೆ. ಓದಿದಾಗಿನಿಂದ ಆ ಸಾಲು ನನ್ನ ಮನಸ್ಸು ಬಿಟ್ಟು ಕದಲಿಲ್ಲ.

ವಿಷಯ ಇಷ್ಟು. ಮದುವೆಯಾಗಿ 12 ವರ್ಷ. ಅವರಿಗೆ 37, ಯಜಮಾನರಿಗೆ 41. ಎರಡು ಸಲ ಐವಿಎಫ್ ಮಾಡಿಸಿ, ಎರಡೂ ಸಲ ಕೈಗೂಡದೆ, ಸಾಕೆಂದು ನಿಲ್ಲಿಸಿದ್ದಾರೆ. ಮಗುವನ್ನು ದತ್ತು ತೆಗೆದುಕೊಳ್ಳೋಣವೆಂದು ನಿಶ್ಚಯಿಸಿ ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ದಾಖಲೆಗಳನ್ನೆಲ್ಲ ಹಾಕಿದ್ದಾರೆ. ಇನ್ನು ಸಮಾಜ ಕಾರ್ಯಕರ್ತೆ ಮನೆಗೆ ಬಂದು, ಮನೆಯವರನ್ನು ಮಾತಾಡಿಸಿ ವರದಿ ಬರೆಯಬೇಕು. ಹೋಮ್ ಸ್ಟಡಿ ಅನ್ನುತ್ತಾರಲ್ಲ, ಅದು. ಈ ನಡುವೆ ಯಜಮಾನರ ಗೆಳೆಯರೊಬ್ಬರು ‘ಟೆನ್ಷನ್ ಕಡಿಮೆಯಾಗಲಿ, ನಿಮ್ಮದೇ ಕಥೆ, ನೋಡಿ ನಗಿ’ ಅಂತ ಒಂದು ಪೆನ್ ಡ್ರೈವ್ ಕೊಟ್ಟರು. ಅದರಲ್ಲಿದ್ದದ್ದು 1958ರ ‘ದ ಟನಲ್ ಆಫ್ ಲವ್’. ಅವತ್ತಿನಿಂದ ಯಜಮಾನರಿಗೆ ನಿದ್ದೆಯಿಲ್ಲ. ನೋಟ್‌ಬುಕ್ಕಿನಲ್ಲಿ ಪ್ರಶ್ನೆ, ಉತ್ತರ ಬರೆದಿಟ್ಟು, ರಾತ್ರಿ ಊಟವಾದ ಮೇಲೆ ಹೆಂಡತಿಯಿಂದ ಪಾಠ ಒಪ್ಪಿಸಿಕೊಳ್ಳುತ್ತಾರೆ. ‘ಮನೆಯ ಹಿರಿಯರ ಅಭಿಪ್ರಾಯ?’ ಅಂತ ಅವರು ಕೇಳಬೇಕು, ‘ತುಂಬಾ ಸಂತೋಷವಾಗಿದ್ದಾರೆ’ ಅಂತ ಇವರು ಹೇಳಬೇಕು. ಹೋಮ್ ಸ್ಟಡಿಯ ದಿನ ಯಜಮಾನರ ಅಮ್ಮನನ್ನು, ಅಂದರೆ ಓದುಗರ ಅತ್ತೆಯನ್ನು, ಹರಿಹರದಲ್ಲಿರುವ ತಂಗಿಯ ಮನೆಗೆ ಕಳಿಸಿಬಿಡೋಣ ಅಂತಲೂ ನಿರ್ಧಾರವಾಗಿದೆ. ಓದುಗರ ಪ್ರಶ್ನೆ: ‘ಕಳಿಸುವುದು ತಪ್ಪಾ?’

ಮೊದಲು ಆ ಸಿನಿಮಾದ ಮಾತು, ಯಾಕೆಂದರೆ ಗಾಬರಿ ಹುಟ್ಟಿದ್ದೇ ಅಲ್ಲಿ. ಜೀನ್ ಕೆಲ್ಲಿ ನಿರ್ದೇಶಿಸಿದ ಕಪ್ಪುಬಿಳುಪು ಚಿತ್ರ. ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಗಂಡ ಹೆಂಡಿರು ಆಗೀ ಮತ್ತು ಇಸೋಲ್ಡ್. ಆ ಪಾತ್ರಗಳಲ್ಲಿ ರಿಚರ್ಡ್ ವಿಡ್ಮಾರ್ಕ್ ಮತ್ತು ಡೋರಿಸ್ ಡೇ. ಮಕ್ಕಳಿಲ್ಲ, ದತ್ತು ಸಂಸ್ಥೆಗೆ ಅರ್ಜಿ ಹಾಕಿದ್ದಾರೆ. ಪಕ್ಕದ ಮನೆಯಲ್ಲಿ ಹೆಂಡತಿ ಒಂದಾದ ಮೇಲೊಂದು ಹೆರುತ್ತಿದ್ದಾಳೆ, ಗಂಡ ಊರ ಹೆಂಗಸರ ಹಿಂದೆ ಸುತ್ತುತ್ತಿದ್ದಾನೆ. ಸಂಸ್ಥೆಯಿಂದ ವಿಚಾರಣೆಗೆ ಬರುವ ಎಸ್ಟೆಲ್ ಚೆಲುವೆ. ಮೊದಲ ಭೇಟಿಯೇ ಕೆಡುತ್ತದೆ. ಮುಂದೊಂದು ರಾತ್ರಿ ಆಗೀ ಮಾತ್ರೆ ನುಂಗಿ, ಮೇಲೆ ಶಾಂಪೇನ್ ಕುಡಿದು, ಬೆಳಗ್ಗೆ ಮೋಟೆಲ್ಲಿನಲ್ಲಿ ಕಣ್ಣು ಬಿಡುತ್ತಾನೆ. ನಡೆದದ್ದೇನೆಂದು ನೆನಪಿಲ್ಲ. ತಿಂಗಳುಗಳ ನಂತರ ಎಸ್ಟೆಲ್ ತಾನು ಬಸುರಿ ಅಂತ ಹೇಳಿ ಸಾವಿರ ಡಾಲರ್ ಸಾಲ ಕೇಳುತ್ತಾಳೆ. ದತ್ತು ಬಂದ ಗಂಡುಮಗು ನೋಡಿದರೆ ಆಗೀಯನ್ನೇ ಹೋಲುತ್ತದೆ! ಹೆಂಡತಿ ಪೆಟ್ಟಿಗೆ ಕಟ್ಟುವ ಹೊತ್ತಿಗೆ ಎಸ್ಟೆಲ್ ಬಂದು ಸಾಲ ತೀರಿಸುತ್ತಾಳೆ, ಅವಳಿಗೆ ಹುಟ್ಟಿದ್ದು ಹೆಣ್ಣುಮಗು ಎಂದು ಗೊತ್ತಾಗುತ್ತದೆ. ಎಲ್ಲ ಸುಖಾಂತ. ಕೊನೆಗೆ ಇಸೋಲ್ಡ್‌ಗೂ ಬಸಿರು ನಿಂತಿದೆ ಅಂತ ತಿಳಿಯುತ್ತದೆ.

ಮಗು ಅಪ್ಪನ ಹಾಗೇ ಇದೆ ಅನ್ನುವುದರಲ್ಲಿ ಅಷ್ಟು ನಗುವೇಕೆ ಅಂತ ನೀವು ಕೇಳಿದ್ದೀರಿ. ಆ ಕಾಲದ ಅಮೆರಿಕದಲ್ಲಿ ದತ್ತು ಸಂಸ್ಥೆಗಳು ರೂಪ, ಬಣ್ಣ, ಮತ ಎಲ್ಲ ತಾಳೆ ನೋಡಿ ಮಗುವನ್ನು ಕೊಡುತ್ತಿದ್ದವು. ಹೊರಗಿನವರಿಗೆ ದತ್ತು ಅಂತ ಅನುಮಾನವೇ ಬರಬಾರದು ಅನ್ನುವುದು ಆಗಿನ ಯೋಚನೆ. ಹೋಲಿಕೆ ಅತಿಯಾದರೆ ಏನಾಗುತ್ತದೆ ಅನ್ನುವುದೇ ಅಲ್ಲಿಯ ತಮಾಷೆ. ನಮ್ಮಲ್ಲಿ ಬಣ್ಣ, ಮುಖಲಕ್ಷಣ ಹೇಳಿ ಮಗು ಕೇಳುವ ಕಲಮೇ ಇಲ್ಲ. ಇಲ್ಲದಿರುವುದೇ ಸರಿ.

ಆ ಸಿನಿಮಾ ನೋಡಿ ನಿಮ್ಮ ಯಜಮಾನರು ಕಲಿತದ್ದು ಮಾತ್ರ ತಪ್ಪು ಪಾಠ. ಮನೆಗೆ ಬರುವವಳು ಹುಳುಕು ಹುಡುಕಲು ಬರುತ್ತಾಳೆ, ಅವಳ ಮುಂದೆ ಒಂದು ಮಾತು ತಪ್ಪಿದರೂ ಮಗು ಹೋಯಿತು ಅಂತ. ಹಾಗಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಬೇರೆಬೇರೆಯಾಗಿಯೂ ಕೂರಿಸಿ ಮಾತಾಡಿಸುತ್ತಾರೆ. ಆದಾಯ, ಆರೋಗ್ಯ, ಮದುವೆ ಹೇಗಿದೆ, ಮಗುವನ್ನು ನೋಡಿಕೊಳ್ಳುವವರು ಯಾರು, ಮನೆಯ ಉಳಿದವರಿಗೆ ಮನಸ್ಸಿದೆಯೇ, ಇವೆಲ್ಲ ಕೇಳುತ್ತಾರೆ. ಆ ವರದಿಗೆ ಮೂರು ವರ್ಷ ಮಾನ್ಯತೆ ಇರುತ್ತದೆ. ಒಂದು ವೇಳೆ ನೀವು ಸೂಕ್ತರಲ್ಲ ಅಂದರೂ ಕಾರಣ ಕೊಡಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಗೋಡೆಗೆ ಹೊಸ ಬಣ್ಣ ಹೊಡೆಸಿದ್ದು, ಪರದೆ ಬದಲಾಯಿಸಿದ್ದು ಬರೆದಿದ್ದೀರಿ. ಹೊಡೆಸಿ, ಬೇಡ ಅನ್ನುವುದಿಲ್ಲ. ಪಾಠ ಒಪ್ಪಿಸುವುದನ್ನು ಮಾತ್ರ ಇವತ್ತಿಗೇ ನಿಲ್ಲಿಸಿ.

ಈಗ ಆ ಗೆಳೆಯರು. ಅವರ ಬಗ್ಗೆ ನೀವು ಬಹಳ ಗೌರವದಿಂದ ಬರೆದಿದ್ದೀರಿ. ನನಗೆ ಆ ಗೌರವ ಸ್ವಲ್ಪವೂ ಬರಲಿಲ್ಲ. ಸಮಾಜ ಕಾರ್ಯಕರ್ತೆಯರೆಂದರೆ ಹೀಗೆ, ಹಾಗೆ ಅಂತ ಹೆದರಿಸಿದ್ದು ಅವರೇ. ‘ಮೂರು ವರ್ಷ ಯಾಕೆ ಕಾಯ್ತೀರಿ, ನರ್ಸಿಂಗ್ ಹೋಮಿನಲ್ಲಿ ಗುರುತಿನವರಿದ್ದಾರೆ’ ಅಂದದ್ದೂ ಅವರೇ. ನೀವು ಅದನ್ನು ‘ನಮ್ಮ ಒಳ್ಳೆಯದಕ್ಕೇ ಹೇಳಿದರು’ ಅಂತ ಮುಗಿಸಿಬಿಟ್ಟಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯ 80 ಮತ್ತು 81ನೇ ಕಲಮುಗಳನ್ನು ಅವರಿಗೆ ಓದಿ ಹೇಳಿ. ಅನಾಥ ಅಥವಾ ಹೆತ್ತವರು ಬಿಟ್ಟುಕೊಟ್ಟ ಮಗುವನ್ನು ಕಾನೂನಿನ ದಾರಿ ಬಿಟ್ಟು ಕೊಟ್ಟರೂ ತೆಗೆದುಕೊಂಡರೂ ಮೂರು ವರ್ಷದವರೆಗೆ ಜೈಲು. ಮಗುವನ್ನು ಮಾರಿದರೆ, ಕೊಂಡರೆ ಐದು ವರ್ಷದವರೆಗೆ. ಆಸ್ಪತ್ರೆಯ ಸಿಬ್ಬಂದಿ ಸೇರಿದ್ದರೆ ಮೂರರಿಂದ ಏಳು ವರ್ಷ. ಜೈಲಿನ ಮಾತು ಹಾಗಿರಲಿ. ಎಲ್ಲೋ ಒಬ್ಬ ಹುಡುಗಿಯ ಬಾಯಿ ಮುಚ್ಚಿಸಿ ಕಿತ್ತುಕೊಂಡ ಕೂಸನ್ನು ನೀವು ಎದೆಗೊತ್ತಿಕೊಳ್ಳಬಲ್ಲಿರಾ? ಆ ಗೆಳೆಯರು ನಿಮ್ಮ ಮನೆಯ ಈ ವಿಷಯದಲ್ಲಿ ಇನ್ನು ಬಾಯಿ ಹಾಕಬಾರದು. ಸಿನಿಮಾದಲ್ಲೂ ಆಗೀಗೆ ಕೆಟ್ಟ ಬುದ್ಧಿ ಹೇಳುವವನು ಪಕ್ಕದ ಮನೆಯವನೇ.

ಮುಖ್ಯವಾದ ಮಾತಿಗೆ ಬರುತ್ತೇನೆ. ನೀವು ಬರೆದ ಸಾಲನ್ನು ಹಾಗೇ ಕೊಡುತ್ತಿದ್ದೇನೆ: ‘ಅತ್ತೆ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಭಾಷೆ ಅರ್ಥವಾಗದೆ ಇದ್ದರೂ ಕೊನೆಯಲ್ಲಿ ನಾನು ಬಿಡಿಸಿ ಹೇಳಿದಾಗ, ನೋಡಿದ್ಯಾ, ಒಂದು ತಂದು ಸಾಕಿದರೆ ತಾನಾಗೇ ಹೊಟ್ಟೆ ತುಂಬುತ್ತೆ, ನಮ್ಮೂರಲ್ಲೂ ಎಷ್ಟು ಜನಕ್ಕೆ ಹಂಗೇ ಆಗಿದೆ, ನೀವೂ ಬೇಗ ತನ್ನಿ ಅಂದರು. ನನಗೂ ಒಂದು ಗಳಿಗೆ ಹಾಗೇ ಆಗಲಪ್ಪ ಅನ್ನಿಸಿತು. ಇರಲಿ ಬಿಡಿ.’

ಇರಲಿ ಬಿಡಿ ಅಂತ ದಾಟಿ ಹೋಗುವ ವಿಷಯವಲ್ಲ ಇದು. ಸಿನಿಮಾವನ್ನು ಇನ್ನೊಂದು ಸಲ ನೆನಪಿಸಿಕೊಳ್ಳಿ. ತಂದ ಮಗುವನ್ನು ನೋಡಿ ಎಲ್ಲರೂ ಕೇಳುವುದು ಒಂದೇ, ಯಾರ ಹಾಗಿದೆ ಅಂತ. ಅದು ಅಳುತ್ತದೆಯೋ, ನಗುತ್ತದೆಯೋ, ಯಾರ ಹೆಗಲ ಮೇಲೆ ಮಲಗುತ್ತದೆಯೋ, ಯಾರಿಗೂ ಬೇಕಿಲ್ಲ. ಕೊನೆಗೆ ‘ಸ್ವಂತ’ ಮಗುವಿನ ಸುದ್ದಿ ಬಂದು ಎಲ್ಲರೂ ಹಿಗ್ಗುತ್ತಾರೆ. ತೊಟ್ಟಿಲಲ್ಲಿ ಆಗಲೇ ಮಲಗಿರುವ ಕೂಸು ಆ ಹಿಗ್ಗಿನಲ್ಲಿ ಏನಾಯಿತು? ಅದು ತನ್ನ ಕೆಲಸ ಮಾಡಿ ಮುಗಿಸಿತೇ?

ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮಗು ಯಾರ ಕಾಯಿಲೆಗೂ ಔಷಧಿಯಲ್ಲ. ಗಂಡನ ಕುಡಿತ ಬಿಡಿಸಲು ಒಂದು ಮಗು, ಅತ್ತೆ ಸೊಸೆ ಜಗಳ ನಿಲ್ಲಿಸಲು ಒಂದು ಮಗು, ಈಗ ಬಸಿರಾಗಲು ಒಂದು ಮಗು! ದತ್ತು ತೆಗೆದುಕೊಂಡರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ. ಚಿಕಿತ್ಸೆ ಬಿಟ್ಟ ದಂಪತಿಗಳಲ್ಲಿ ಕೆಲವರಿಗೆ, ದತ್ತು ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ, ತಾನಾಗಿ ಮಗುವಾಗುವುದುಂಟು. ದತ್ತು ತೆಗೆದುಕೊಂಡವರಿಗೆ ಆದರೆ ಊರೆಲ್ಲ ಹೇಳಿಕೊಂಡು ತಿರುಗುತ್ತದೆ. ಆಗದ ಮನೆಗಳ ಕಥೆ ಮದುವೆ ಮನೆಯ ಪಂಕ್ತಿಯಲ್ಲಿ ಯಾರೂ ಹೇಳುವುದಿಲ್ಲ.

ಆ ಗಳಿಗೆಯ ಆಸೆಗೆ ನಿಮ್ಮನ್ನು ದೂರುವುದಿಲ್ಲ. ಎರಡು ಸಲ ಸೂಜಿ ಚುಚ್ಚಿಸಿಕೊಂಡು, ಎರಡು ಸಲ ರಿಪೋರ್ಟ್ ಹಿಡಿದು ಅತ್ತ ಹೆಣ್ಣು ನೀವು. ಆಸೆ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ಆದರೆ ಅದು ಒಳಗೇ ಕೂತಿದ್ದರೆ, ಮಗು ಬಂದ ಮೇಲೆ ಪ್ರತಿ ತಿಂಗಳೂ ಲೆಕ್ಕ ಹಾಕುತ್ತೀರಿ. ವರ್ಷ ಕಳೆದು ಏನೂ ಆಗದಿದ್ದರೆ ಆ ಕೂಸಿನ ಕಾಲ್ಗುಣದ ಮಾತು ಬರುತ್ತದೆ. ಆದರಂತೂ ‘ನಮ್ಮದು’, ‘ತಂದದ್ದು’ ಅಂತ ಎರಡು ತಟ್ಟೆಯಾಗುತ್ತದೆ. ತಂದ ಮಕ್ಕಳನ್ನು ಸಂಸ್ಥೆಗೆ ಮರಳಿ ಬಿಟ್ಟುಬಂದವರೂ ಈ ದೇಶದಲ್ಲಿದ್ದಾರೆ. ಒಮ್ಮೆ ತಾಯಿಯ ಮಡಿಲು ತಪ್ಪಿದ ಮಗುವಿಗೆ ಎರಡನೇ ಸಲ ಹಾಗಾಗುವುದನ್ನು ನನ್ನಿಂದ ಊಹಿಸಲೂ ಆಗುವುದಿಲ್ಲ.

ನಿಮ್ಮ ಅತ್ತೆಯವರ ಮೇಲೆ ನನಗೆ ಕೋಪವಿಲ್ಲ. ಪತ್ರದಲ್ಲಿ ನನಗೆ ಹೆಚ್ಚು ಇಷ್ಟವಾದವರೇ ಅವರು. ‘ಯಾರದೋ ರಕ್ತ’ ಅಂತ ಒಮ್ಮೆ ಅಂದಿದ್ದಾರೆ, ನಿಜ. ಆದರೆ 12 ವರ್ಷದಿಂದ ಪ್ರತಿ ಮದುವೆ ಮುಂಜಿಯಲ್ಲಿ ‘ಏನಾದ್ರೂ ವಿಶೇಷವೇನ್ರೀ?’ ಅನ್ನುವ ಪ್ರಶ್ನೆ ಬಿದ್ದಿರುವುದು ಅವರ ಕಿವಿಗೂ ತಾನೇ. ಇಷ್ಟು ದಿನ ಒಲ್ಲೆ ಅಂದವರ ಬಾಯಲ್ಲಿ ‘ಬೇಗ ತನ್ನಿ’ ಬಂದಿದೆ. ಅವರು ಹಿಡಿದಿರುವ ಕಾರಣ ತಪ್ಪು, ಅಷ್ಟೆ. ತಿದ್ದಬೇಕಾದವರು ಮಗ. ಮಗನೋ, ತಾಯಿಯನ್ನು ಬಸ್ಸು ಹತ್ತಿಸಲು ಹೊರಟಿದ್ದಾರೆ! ನಾಳೆ ನೀವಿಬ್ಬರೂ ಕೆಲಸಕ್ಕೆ ಹೋದಾಗ ಮಗುವಿಗೆ ತುತ್ತು ಇಡುವವರು ಅವರೇ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಸಮಾಜ ಕಾರ್ಯಕರ್ತೆ ಮೊದಲು ಮಾತಾಡಿಸಬೇಕಾದವರು ಅವರಲ್ಲವೇ?

ಮಗು ತಂದರೆ ಬಸಿರಾಗುತ್ತದೆ ಅನ್ನುವ ಅವರ ಆ ಮಾತನ್ನೇ ಮುಚ್ಚಿಡಲು ಯಜಮಾನರು ಅವರನ್ನು ಕಳಿಸುತ್ತಿರುವುದು. ಆದರೆ ಆ ಮಾತು ಈಗ ಅವರೊಬ್ಬರದಲ್ಲ. ನಿಮ್ಮೊಳಗೂ ಇದೆ, ಯಜಮಾನರೊಳಗೂ ಇರಬಹುದು, ಕೇಳಿ ನೋಡಿ.

ನೀವು ಮಾಡಬೇಕಾದದ್ದು ಒಂದೇ. ಹೋಮ್ ಸ್ಟಡಿಯ ದಿನ ಅತ್ತೆಯವರು ಮನೆಯಲ್ಲೇ ಇರಲಿ, ನಿಮ್ಮ ಪಕ್ಕದಲ್ಲೇ ಕೂರಲಿ. ಸಮಾಜ ಕಾರ್ಯಕರ್ತೆ ಯಾವ ಪ್ರಶ್ನೆ ಕೇಳುವ ಮೊದಲೂ ನೀವೇ ಬಾಯಿಬಿಟ್ಟು ಹೇಳಿ: ‘ಮೇಡಂ, ಮಗು ತಂದರೆ ನನಗೂ ಹುಟ್ಟುತ್ತೆ ಅಂತ ನಮ್ಮತ್ತೆ ಅಂತಾರೆ. ನನಗೂ ಒಮ್ಮೆ ಹಾಗೆ ಅನ್ನಿಸಿತ್ತು. ಇದರ ಬಗ್ಗೆ ನಮ್ಮ ಮೂವರ ಹತ್ತಿರವೂ ಮಾತಾಡಿ.’ ಮಕ್ಕಳಾಗದ ನೋವು ಹೊತ್ತು ಬಂದ ದಂಪತಿಗಳನ್ನು ಅವರು ದಿನವೂ ಕಾಣುತ್ತಾರೆ. ಗಾಬರಿಯಾಗುವುದಿಲ್ಲ, ಫೈಲು ಮುಚ್ಚಿ ಎದ್ದು ಹೋಗುವುದೂ ಇಲ್ಲ. ನಿಮಗೆ ತಿಳಿಹೇಳುವುದೂ ಅವರ ಕೆಲಸವೇ. ಮಾತಾಡಿದ ಮೇಲೆ, ಇನ್ನಾರು ತಿಂಗಳು ತಡೆಯೋಣ ಅಂತ ನಿಮಗೇ ಅನ್ನಿಸಿದರೆ ತಡೆಯಿರಿ. ನಿಮ್ಮಿಬ್ಬರ ವಯಸ್ಸು ಸೇರಿ 78. ಎರಡು ವರ್ಷದೊಳಗಿನ ಮಗುವಿಗೆ 85ರವರೆಗೆ ಅವಕಾಶವಿದೆ. ನಿಮಗೆ ಸಮಯವಿದೆ.

ಆ ಪ್ರಶ್ನೋತ್ತರದ ನೋಟ್‌ಬುಕ್ಕನ್ನು ಯಜಮಾನರಿಂದ ಇಸಿದುಕೊಳ್ಳಿ. ಅತ್ತೆಯವರ ಜೊತೆ ಅವರು ಮಾತಾಡಬೇಕಾದದ್ದು ಇವತ್ತು ರಾತ್ರಿ, ಊಟವಾದ ಮೇಲೆ, ನೀವು ಪಾಠ ಒಪ್ಪಿಸುತ್ತಿದ್ದ ಹೊತ್ತಿಗೆ. ಏನಾಯಿತು ಅಂತ ನನಗೆ ಬರೆಯಿರಿ.