ತೆರಿಗೆ ಲೆಕ್ಕಕ್ಕೆ ಮೊದಲು ಕಾಗದಪತ್ರ

ಪ್ರಶ್ನೆ: ಕಲಬುರಗಿಯಲ್ಲಿ ನನ್ನದೊಂದು ಚಿಕ್ಕ ತೊಗರಿಬೇಳೆ ಅಂಗಡಿಯಿದೆ, ಪತ್ನಿ ಶಾಲಾ ಶಿಕ್ಷಕಿ. 2025–26ನೇ ಸಾಲಿನ ಆದಾಯ ತೆರಿಗೆ ರಿಟರ್ನ್‌ಗೆ ಯಾವ ದಾಖಲೆಗಳನ್ನು ಹೊಂದಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ನಿಯವರಿಗೆ ಶಾಲೆ ನೀಡುವ ಫಾರ್ಮ್ 16 (ಸಂಬಳ ಹಾಗೂ ಅದರಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರ) ಮತ್ತು ಬ್ಯಾಂಕ್ ಬಡ್ಡಿಯ ವಿವರ ಬಹುಮಟ್ಟಿಗೆ ಸಾಕು. ಅಂಗಡಿಯ ಲೆಕ್ಕಕ್ಕೆ ಮಾತ್ರ ತಾಳ್ಮೆ ಬೇಕು. ಅಂದಾಜು ಲಾಭದ ಪದ್ಧತಿಯನ್ನು (ಖರ್ಚುವೆಚ್ಚದ ಪೂರ್ಣ ಲೆಕ್ಕದ ಬದಲು ಮಾರಾಟದ ಇಂತಿಷ್ಟು ಪಾಲನ್ನೇ ಲಾಭವೆಂದು ತೋರಿಸುವುದು) ಆರಿಸಿಕೊಂಡವರು ನಗದು ಮಾರಾಟದ ಮೇಲೆ ಕನಿಷ್ಠ ಶೇ. 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣದ ಮೇಲೆ ಶೇ. 6ರಷ್ಟು ಲಾಭ ತೋರಿಸಬೇಕಾಗುವುದರಿಂದ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್, ಮಾರಾಟದ ಬಿಲ್ಲು ಹಾಗೂ ಜಿಎಸ್‌ಟಿ ರಿಟರ್ನ್‌ಗಳನ್ನು (ನೋಂದಣಿಯಿದ್ದರೆ) ಎದುರಿಗಿಟ್ಟುಕೊಂಡು ಇವೆರಡು ಮೊತ್ತಗಳನ್ನು ಬೇರ್ಪಡಿಸಿ. ಮನೆಗೂ ಅಂಗಡಿಗೂ ಒಂದೇ ಖಾತೆಯಿದ್ದರೆ, ಅದು ಒಳ್ಳೆಯ ರೂಢಿಯಲ್ಲ, ಮಗ ಕಳುಹಿಸಿದ ಹಣವೂ ಮಾರಾಟದಂತೆ ಕಾಣುತ್ತದೆ. ಪ್ರತಿ ಜಮೆಯ ಮೂಲವನ್ನು ಬರೆದಿಡಿ. ಬಳಿಕ ಇಲಾಖೆಯ ಜಾಲತಾಣದಿಂದ ಇಬ್ಬರ ಫಾರ್ಮ್ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ವಿವರ) ಹಾಗೂ ವಾರ್ಷಿಕ ಮಾಹಿತಿ ಪಟ್ಟಿಯನ್ನು (ಬ್ಯಾಂಕ್ ಮೊದಲಾದವು ಇಲಾಖೆಗೆ ತಿಳಿಸಿದ ನಿಮ್ಮ ವಹಿವಾಟುಗಳ ವಿವರ) ಪಡೆದು ತಾಳೆ ನೋಡಿ.