‘ಅಕಸ್ಮಾತ್’ ಪದವನ್ನು ವಾಪಸ್ ತೆಗೆದುಕೊಳ್ಳುತ್ತೇನೆ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ, ಲೂಯಿಸ್ ಬ್ರೂಸ್ ಅವರಿಗೆ ಕ್ವಾಂಟಮ್ ಡಾಟ್ (ಅಳತೆ ಬದಲಾದರೆ ಬಣ್ಣವೂ ಬದಲಾಗುವ ತೀರಾ ಸಣ್ಣ ಹರಳು) ‘ಅಕಸ್ಮಾತ್ತಾಗಿ ಸಿಕ್ಕಿತು’ ಎಂದು ಬರೆದಿದ್ದೀರಿ. ಅಕಸ್ಮಾತ್ ಸಿಕ್ಕಿದ್ದಕ್ಕೆ ನೊಬೆಲ್ ಯಾಕೆ? ಇನ್ನೊಂದು ಮಾತು. ಬೆಳಕು, ಎಲೆಕ್ಟ್ರಾನ್ ಎಲ್ಲ ನಮ್ಮ ಭೌತಶಾಸ್ತ್ರದ್ದು. ಅದನ್ನು ರಸಾಯನ ವಿಜ್ಞಾನಿಯ ಖಾತೆಗೆ ಹಾಕಿದ್ದು ಸರಿಯೇ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೌತರಸಾಯನದಲ್ಲಿ ಪಿಎಚ್.ಡಿ.ಗೆ ಹೊರಟಿದ್ದಾಳೆ. ವಿಷಯ, ನ್ಯಾನೊ ಕಣ ಮತ್ತು ಬೆಳಕು. ಬಣ್ಣ ನೋಡುತ್ತಾ ಜೀವನ ಪೂರ್ತಿ ಕಳೆಯೋಕಾಗುತ್ತಾ ಅಂತ ಮನೆಯವರು ಕೇಳುತ್ತಿದ್ದಾರಂತೆ. ಏನು ಹೇಳಲಿ? ಹಾಗೇ, ‘ಕ್ಯಾಡ್ಮಿಯಂ ಸಲ್ಫೇಟ್’ ಎಂದು ಅಚ್ಚಾಗಿದೆ. ನೋಡಿಕೊಳ್ಳಿ.”
— ನಿವೃತ್ತ ಭೌತಶಾಸ್ತ್ರ ಅಧ್ಯಾಪಕರೊಬ್ಬರು

ಮೇಷ್ಟ್ರೇ, ನಮಸ್ಕಾರ.

ಆ ‘ಅಕಸ್ಮಾತ್’ ಲೇಖಕರದ್ದಲ್ಲ, ನನ್ನದು. ಪುಟದಲ್ಲಿ ಜಾಗ ಸಾಲಲಿಲ್ಲ. ಅವರು ಬರೆದಿದ್ದ ಒಂದು ಪ್ಯಾರಾ ತೆಗೆದು, ಆ ಜಾಗಕ್ಕೆ ಒಂದು ಪದ ತುರುಕಿದೆ. ಅಸಲಿ ಕಥೆ ಇದ್ದದ್ದು ಆ ಪ್ಯಾರಾದಲ್ಲೇ.

1980ರ ದಶಕದ ಶುರು. ಬ್ರೂಸ್ ಆಗ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಟೆಲಿಫೋನ್ ಕಂಪನಿಯ ಪ್ರಯೋಗಾಲಯ ಅದು. ಬಿಸಿಲಿನ ಶಕ್ತಿಯಿಂದ ರಾಸಾಯನಿಕ ಕ್ರಿಯೆ ನಡೆಸಬಹುದೇ ಎನ್ನುವುದು ಅವರ ಪ್ರಶ್ನೆಯಾಗಿತ್ತು. ಕ್ಯಾಡ್ಮಿಯಂ ಸಲ್ಫೈಡ್ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಕಣ ಚಿಕ್ಕದಾದಷ್ಟೂ ಕ್ರಿಯೆ ನಡೆಯಲು ಮೇಲ್ಮೈ ಜಾಸ್ತಿ. ಹಾಗಾಗಿ ದ್ರಾವಣದಲ್ಲೇ ತೀರಾ ಸಣ್ಣ ಕಣಗಳನ್ನು ಮಾಡಿಕೊಂಡರು. ಬಣ್ಣದ ಹುಡುಕಾಟವೇ ಅಲ್ಲ ಅದು.

ಕೆಲವು ಕಣಗಳನ್ನು ಹಾಗೇ ಬೆಂಚಿನ ಮೇಲೆ ಬಿಟ್ಟಿದ್ದರು. ಆಮೇಲೆ ನೋಡಿದರೆ, ಅವು ಬೆಳಕನ್ನು ಹೀರುವ ರೀತಿಯೇ ಬದಲಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ನಿನ್ನೆಯ ದ್ರಾವಣ ಇವತ್ತು ಬೇರೆ ಲೆಕ್ಕ ತೋರಿಸಿದರೆ ಏನು ಮಾಡುತ್ತಾರೆ? ‘ಕೆಟ್ಟಿತು’ ಎಂದು ಚೆಲ್ಲಿ ಹೊಸದು ಮಾಡುತ್ತಾರೆ. ಬ್ರೂಸ್ ಚೆಲ್ಲಲಿಲ್ಲ. ಕಣಗಳು ಬೆಳೆದಿರಬೇಕು ಎಂದು ಊಹಿಸಿದರು. ದ್ರಾವಣದಲ್ಲಿ ಸಣ್ಣ ಹರಳು ಮೆಲ್ಲಗೆ ಕರಗಿ, ಕರಗಿದ್ದು ದೊಡ್ಡ ಹರಳಿನ ಮೇಲೆ ಹೋಗಿ ಕೂರುತ್ತದೆ. ರಸಾಯನ ವಿಜ್ಞಾನಿಗಳಿಗೆ ಇದು ಆಸ್ಟ್‌ವಾಲ್ಡ್ ಎಂಬ ಹಳೆಯ ರಸಾಯನ ವಿಜ್ಞಾನಿಯ ಕಾಲದಿಂದ ಗೊತ್ತಿರುವ ಸಂಗತಿ. ಊಹೆ ಸರಿಯೇ ಎಂದು ನೋಡಲು ಸುಮಾರು 4.5 ನ್ಯಾನೊಮೀಟರ್ ಅಗಲದ ಕಣಗಳನ್ನು ಹೊಸದಾಗಿ ಮಾಡಿದರು (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್). ಸುಮಾರು 12.5 ನ್ಯಾನೊಮೀಟರ್‌ನ ದೊಡ್ಡ ಕಣಗಳ ಜೊತೆ ಹೋಲಿಸಿದರು. ದೊಡ್ಡವು ಮಾಮೂಲಿ ಕ್ಯಾಡ್ಮಿಯಂ ಸಲ್ಫೈಡ್‌ನಂತೆಯೇ ಬೆಳಕು ಹೀರುತ್ತಿದ್ದವು. ಚಿಕ್ಕವು ಹೀರುವ ಬೆಳಕು ನೀಲಿಯ ಕಡೆಗೆ, ಅಂದರೆ ಜಾಸ್ತಿ ಶಕ್ತಿಯ ಕಡೆಗೆ, ಸರಿದಿತ್ತು. ಇದು 1983ರಲ್ಲಿ ಪ್ರಕಟವಾಯಿತು.

ಬೆಂಚಿನ ಮೇಲೆ ಬಿಟ್ಟದ್ದು ಅಕಸ್ಮಾತ್ ಇರಬಹುದು. ಮುಂದಿನದ್ದು ಯಾವುದೂ ಅಲ್ಲ. ಪದ ವಾಪಸ್.

ಬೆಳಕು ಹೀಗೆ ಸರಿಯಲು ಕಾರಣ ನಿಮಗೆ ಗೊತ್ತೇ ಇದೆ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಚಿತ್ರಕಾರರು ಬಳಸುವ ಕ್ಯಾಡ್ಮಿಯಂ ಹಳದಿ ಇದೆಯಲ್ಲ, ಅದು ಇದೇ ವಸ್ತು. ನೀಲಿ ಬೆಳಕನ್ನು ನುಂಗುತ್ತದೆ, ಅದಕ್ಕೇ ನಮಗೆ ಹಳದಿ. ಬೆಳಕು ಬಿದ್ದಾಗ ಒಳಗೆ ಒಂದು ಎಲೆಕ್ಟ್ರಾನ್ ಜಾಗ ಬಿಟ್ಟೇಳುತ್ತದೆ. ಅದೂ ಅದು ಬಿಟ್ಟ ಖಾಲಿ ಜಾಗವೂ ಜೋಡಿಯಾಗಿ ಓಡಾಡಲು ಸುಮಾರು 6 ನ್ಯಾನೊಮೀಟರ್ ಅಗಲದ ಕೋಣೆ ಬೇಕು. ಕಣವೇ 4.5 ಇದ್ದರೆ? ಇಕ್ಕಟ್ಟು. ಇಕ್ಕಟ್ಟಿನಲ್ಲಿ ಎಲೆಕ್ಟ್ರಾನ್‌ನ ಶಕ್ತಿ ಏರುತ್ತದೆ. ಅದನ್ನು ಎಬ್ಬಿಸಲು ಜಾಸ್ತಿ ಶಕ್ತಿಯ ಬೆಳಕೇ ಬೇಕಾಗುತ್ತದೆ. ಕಣ ಇನ್ನೂ ಚಿಕ್ಕದಾಗುತ್ತಾ ಹೋದರೆ ಹಳದಿಯೇ ಮಾಯ. ವಸ್ತು ಅದೇ, ಅಳತೆ ಮಾತ್ರ ಬೇರೆ.

ಇನ್ನು ನಿಮ್ಮ ಖಾತೆ ಜಗಳ. ಅರ್ಧ ನಿಮ್ಮದೇ ಗೆಲುವು. ತೀರಾ ಸಣ್ಣ ಕಣಗಳು ಬೇರೆ ಥರ ನಡೆದುಕೊಳ್ಳಬೇಕು ಎಂದು ಹರ್ಬರ್ಟ್ ಫ್ರೋಲಿಖ್ 1937ರಲ್ಲೇ ಹೇಳಿದ್ದರು, ಅವರು ಭೌತವಿಜ್ಞಾನಿ. ಲೆನಿನ್‌ಗ್ರಾಡ್‌ನಲ್ಲಿ ಅಲೆಕ್ಸಿ ಎಕಿಮೊವ್ ಬಣ್ಣದ ಗಾಜಿನೊಳಗೆ ತಾಮ್ರದ ಕ್ಲೋರೈಡ್ ಕಣಗಳಲ್ಲಿ ಇದೇ ಪರಿಣಾಮವನ್ನು ಕಂಡು 1981ರಲ್ಲಿ ಬರೆದರು. ಅವರೂ ನಿಮ್ಮವರೇ. ಬರೆದದ್ದು ಸೋವಿಯತ್ ಪತ್ರಿಕೆಯಲ್ಲಿ. ಹಾಗಾಗಿ ಬ್ರೂಸ್‌ಗೆ ಅದು ಗೊತ್ತೇ ಇರಲಿಲ್ಲ.

ಆದರೆ ಗಾಜಿನೊಳಗಿನ ಕಣ ಅಲ್ಲೇ ಹೂತುಕೊಂಡಿರುತ್ತದೆ. ದ್ರಾವಣದಲ್ಲಿ ತೇಲುವ ಕಣವನ್ನು ಬೇರ್ಪಡಿಸಬಹುದು, ತೊಳೆಯಬಹುದು, ಮೇಲೆ ಇನ್ನೊಂದು ವಸ್ತುವಿನ ಪದರ ಹೊದಿಸಬಹುದು. ಅದು ರಸಾಯನದವರ ಕೈಚಳಕ. ಬ್ರೂಸ್ ಅದನ್ನು ಒಂದು ಭಾರೀ ಅಣು ಎಂಬಂತೆ ನೋಡಿದರು. ಗಾತ್ರಕ್ಕೂ ಶಕ್ತಿಗೂ ಇರುವ ಸಂಬಂಧದ ಸೂತ್ರವನ್ನೂ ತಾವೇ ಬರೆದರು. ಇವರು ಯಾವ ಕಡೆಯವರು ಅಂತ ನನಗಂತೂ ಹೇಳೋಕಾಗಲ್ಲ.

ಕೈಚಳಕ ಅಂದೆನಲ್ಲ, ಅದಕ್ಕೆ ಒಂದು ಉದಾಹರಣೆ. 1988ರಲ್ಲಿ ಬ್ರೂಸ್ ಹತ್ತಿರ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಮಾಡಲು ಮೌಂಗಿ ಬವೆಂಡಿ ಬಂದರು. ಕಾಲೇಜಿನ ಮೊದಲ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ನೂರಕ್ಕೆ 20 ತೆಗೆದವರು! (ಆ ವಿದ್ಯಾರ್ಥಿನಿಗೆ ಇದನ್ನು ಮರೆಯದೆ ಹೇಳಿ.) ಮುಂದೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅವರ ಗುಂಪು 1993ರಲ್ಲಿ ಮಾಡಿದ್ದು ಹೀಗೆ. ಫ್ಲಾಸ್ಕ್‌ನಲ್ಲಿ ಮೇಣದಂಥ ಒಂದು ದ್ರಾವಕ, ಕಾವು ಸುಮಾರು 300 ಡಿಗ್ರಿ ಸೆಲ್ಸಿಯಸ್. ಸಿರಿಂಜಿನಲ್ಲಿ ಕ್ಯಾಡ್ಮಿಯಂ ಮತ್ತು ಸೆಲೆನಿಯಂ ಇರುವ ತಣ್ಣನೆಯ ಮಿಶ್ರಣ. ಒಂದೇ ಏಟಿಗೆ ಒಳಗೆ ಹಾಕುತ್ತಾರೆ. ಕಾವು ದಿಢೀರನೆ 180ಕ್ಕೆ ಇಳಿಯುತ್ತದೆ, ದ್ರಾವಣ ಗಾಢ ಹಳದಿ-ಕಿತ್ತಳೆಗೆ ತಿರುಗುತ್ತದೆ. ಕಣಗಳೆಲ್ಲ ಆ ಒಂದು ಕ್ಷಣದಲ್ಲೇ ಹುಟ್ಟಿ, ಕಾವು ಇಳಿದಿದ್ದಕ್ಕೆ ಹುಟ್ಟೂ ನಿಂತುಬಿಡುತ್ತದೆ. ಆಮೇಲೆ ಮತ್ತೆ ನಿಧಾನಕ್ಕೆ ಕಾಯಿಸಿದರೆ ಎಲ್ಲ ಒಟ್ಟಿಗೆ ಬೆಳೆಯುತ್ತವೆ. ಬೇಕಾದ ಗಾತ್ರ ಬಂದಾಗ ನಿಲ್ಲಿಸಿದರಾಯಿತು. ಒಂದೇ ವಯಸ್ಸಿನವು, ಹಾಗಾಗಿ ಹೆಚ್ಚುಕಮ್ಮಿ ಒಂದೇ ಅಳತೆಯವು. ಇವತ್ತು ಟಿವಿ ಪರದೆಯಲ್ಲಿ ಕಾಣುವ ಕ್ವಾಂಟಮ್ ಡಾಟ್ ಬಣ್ಣಗಳ ಹಿಂದೆ ಈ ಫ್ಲಾಸ್ಕ್ ಇದೆ. ಬ್ರೂಸ್, ಬವೆಂಡಿ, ಎಕಿಮೊವ್ ಮೂವರಿಗೂ ಸೇರಿ 2023ರ ನೊಬೆಲ್ ಬಂತು. ರಸಾಯನ ವಿಭಾಗದ್ದು, ಕೋಪ ಮಾಡಿಕೊಳ್ಳಬೇಡಿ.

ಈಗ ಮನೆಯವರ ಪ್ರಶ್ನೆ. ಬ್ರೂಸ್ ಒಂದೇ ಬಣ್ಣ ನೋಡುತ್ತಾ ಕೂತವರಲ್ಲ. 1969ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಆಮೇಲೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯ, 1973ರಿಂದ ಬೆಲ್ ಲ್ಯಾಬ್ಸ್, 1996ರಲ್ಲಿ ಮತ್ತೆ ಕೊಲಂಬಿಯಾ. ಅದೇ 1996ರಲ್ಲಿ ಬವೆಂಡಿ ಮತ್ತಿತರರ ಜೊತೆ ಒಂದು ವಿಚಿತ್ರ ತೋರಿಸಿದರು. ಒಂದೇ ಒಂದು ಕ್ವಾಂಟಮ್ ಡಾಟನ್ನು ಪ್ರತ್ಯೇಕವಾಗಿ ನೋಡಿದರೆ, ಮೇಲೆ ಲೇಸರ್ ಬೆಳಕು ಒಂದೇ ಸಮ ಬೀಳುತ್ತಿದ್ದರೂ ಅದು ಮಿಣುಕುತ್ತದೆ. ಹೊತ್ತಿರುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಸಾವಿರಾರು ಕಣಗಳನ್ನು ಒಟ್ಟಿಗೆ ನೋಡುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಅಲ್ಲಿಂದ ಬೆಳ್ಳಿ ಕಣಗಳಿಗೆ ಹೋದರು. ಕ್ವಾಂಟಮ್ ಡಾಟ್‌ನ ಕಥೆಯೇ ಬೇರೆ, ಇದರ ಕಥೆಯೇ ಬೇರೆ. ಲೋಹದಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಸೇರಿ ಬೆಳಕಿನ ಜೊತೆ ತೂಗಾಡುತ್ತವೆ. ಬೆಳ್ಳಿ ಕಣದ ಮೇಲೆ ಕೂತ ಒಂದೇ ಒಂದು ಬಣ್ಣದ ಅಣುವಿನ ರಾಮನ್ ಚದುರುವಿಕೆಯನ್ನು (ಅಣುವಿಗೆ ತಾಗಿ, ಬಣ್ಣ ತುಸು ಬದಲಾಗಿ ಚದುರುವ ಬೆಳಕನ್ನು) ಅವರ ಗುಂಪು ಅಳೆಯಿತು. ತಮಾಷೆ ಏನೆಂದರೆ ಎಲ್ಲ ಕಣಗಳೂ ಈ ಕೆಲಸ ಮಾಡುತ್ತಿರಲಿಲ್ಲ, ಎಲ್ಲೋ ಕೆಲವು ಮಾತ್ರ. ಹತ್ತಿರದಿಂದ ನೋಡಿದಾಗ ಗೊತ್ತಾಯಿತು: ಕೆಲಸ ಮಾಡುತ್ತಿದ್ದದ್ದು ಒಂಟಿ ಕಣಗಳಲ್ಲ, ಅಂಟಿಕೊಂಡ ಕಣಗಳು. ಎರಡರ ನಡುವಿನ ಸಂದಿಯಲ್ಲಿ ಬೆಳಕು ವಿಪರೀತ ಜೋರಾಗಿರುತ್ತದೆ, ಅಣು ಅಲ್ಲಿ ಸಿಕ್ಕಿಕೊಂಡರೆ ಮಾತ್ರ ಕಾಣಿಸುತ್ತದೆ. ಎಂಥ ಸಂದಿ ನೋಡಿ! ನೊಬೆಲ್ ಬಂದ ಕೆಲಸಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟ.

ಹಾಗಾಗಿ ಮನೆಯವರಿಗೆ ಹೇಳಿ, ಬಣ್ಣ ನೋಡುವುದು ಕಮ್ಮಿ, ಕಣ ಮಾಡುವುದು ಜಾಸ್ತಿ. ಹತ್ತು ಸಲ ಮಾಡಿದರೆ ಎಂಟು ಸಲ ಅಳತೆ ತಪ್ಪಿದರೂ ಆಶ್ಚರ್ಯವಿಲ್ಲ. ಆ ಬೇಸರ ತಡೆಯುವ ಹುಡುಗಿಯಾದರೆ ಕಳಿಸಲಿ. ಹಳೆಯ ದ್ರಾವಣ ಚೆಲ್ಲುವ ಮೊದಲು ಒಮ್ಮೆ ಅಳೆದು ನೋಡು ಅಂತ ನೀವೂ ಹೇಳಿ.

ಕೊನೆಗೆ ಸಲ್ಫೇಟ್ ವಿಷಯ. ಅದು ‘ಸಲ್ಫೈಡ್’ ಆಗಬೇಕಿತ್ತು. ಕ್ಯಾಡ್ಮಿಯಂ ಸಲ್ಫೇಟ್ ನೀರಿನಲ್ಲಿ ಕರಗಿ ಬಣ್ಣವೇ ಇಲ್ಲದೆ ಕೂರುತ್ತದೆ. ನಮ್ಮ ಅಚ್ಚಿನ ಪ್ರಕಾರ ಹೋಗಿದ್ದರೆ ಬ್ರೂಸ್‌ಗೆ ನೋಡಲು ಏನೂ ಸಿಗುತ್ತಿರಲಿಲ್ಲ!

— ಸಂಪಾದಕ